ದೋಣಿ ಲೆಕ್ಕದಲ್ಲಿ ಮಾರಿದ ಗುಡ್ಡ: ಫ್ರೀಸ್‌ಲ್ಯಾಂಡಿನ ಹಳ್ಳಿಗಳಲ್ಲಿ ನಾನು ಕಂಡಿದ್ದು

ಇವತ್ತಿನ ಕತೆ ಒಂದು ಹಸುವಿನಿಂದ ಶುರುವಾಗುತ್ತೆ.

ನಿಮ್ಮೂರಲ್ಲಿ ಹಾಲಿನ ಡೇರಿ ಇದ್ದರೆ ಈ ಹಸುವನ್ನ ನೀವು ನೋಡಿಯೇ ಇರ್ತೀರಿ. ಕಪ್ಪು-ಬಿಳಿ ಮಚ್ಚೆ, ದೊಡ್ಡ ಕೆಚ್ಚಲು. ಕೋಲಾರ ಆಗಲಿ, ಮಂಡ್ಯ ಆಗಲಿ, ರೈತರು ಅದನ್ನ ಕರೆಯೋದು ‘ಎಚ್‌ಎಫ್’ ಅಂತ. ಈ ಎಚ್ ಯಾರು, ಎಫ್ ಯಾರು ಅಂತ ನಾನು ತುಂಬ ವರ್ಷ ಕೇಳಿಕೊಂಡಿರಲೇ ಇಲ್ಲ. ಪೂರ್ತಿ ಹೆಸರು ಹೋಲ್‌ಸ್ಟೀನ್ ಫ್ರೀಸಿಯನ್. ಹೋಲ್‌ಸ್ಟೀನ್ ಅನ್ನೋದು ಜರ್ಮನಿಯ ಉತ್ತರದ ಒಂದು ಸೀಮೆ. ಫ್ರೀಸಿಯನ್ ಅಂದ್ರೆ ಫ್ರೀಸ್‌ಲ್ಯಾಂಡಿನದು. ನೆದರ್‌ಲ್ಯಾಂಡ್ಸ್ ಭೂಪಟದಲ್ಲಿ ಮೇಲ್ಗಡೆ, ಉತ್ತರ ಸಮುದ್ರದ ದಡಕ್ಕೆ ಅಂಟಿಕೊಂಡಿರೋ ಪ್ರಾಂತ್ಯ. ಡಚ್ ದೇಶದೊಳಗೇ ಇದ್ದರೂ ಅವರಿಗೆ ಅವರದೇ ಭಾಷೆ ಇದೆ, ಫ್ರೀಸಿಯನ್. ಅದಕ್ಕೆ ಅಲ್ಲಿ ಅಧಿಕೃತ ಭಾಷೆಯ ಸ್ಥಾನವೂ ಇದೆ.

ಎರಡು ವರ್ಷದ ಹಿಂದೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ ಮಾಡೋ ಗೆಳತಿಯ ಮನೆಗೆ ಹೋಗಿದ್ದೆ. ಅವಳು ಆಫೀಸಿಗೆ ಹೋದ ಮೇಲೆ ನನಗೆ ಮೂರು ದಿನ ಪೂರ್ತಿ ಖಾಲಿ. ರೈಲು ಹತ್ತಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಪ್ರಯಾಣ ಮಾಡಿ ಲೇವಾರ್ಡನ್‌ನಲ್ಲಿ ಇಳಿದೆ. ಅದು ಫ್ರೀಸ್‌ಲ್ಯಾಂಡಿನ ರಾಜಧಾನಿ. ಸ್ಟೇಷನ್ನಿಂದ ಸ್ವಲ್ಪ ನಡೆದರೆ ಒಂದು ಪ್ರತಿಮೆ. ರಾಜ ಅಲ್ಲ, ಸೇನಾಪತಿ ಅಲ್ಲ. ಹಸು! 1954ರಲ್ಲಿ ನಿಲ್ಲಿಸಿದ್ದು. ಹೆಸರು ‘ಉಸ್ ಮೆಮ್’, ಅಂದ್ರೆ ಫ್ರೀಸಿಯನ್ ಭಾಷೆಯಲ್ಲಿ ‘ನಮ್ಮಮ್ಮ’. ಗೋಮಾತೆ ಅಂತ ಪೇಟೆಂಟು ನಮ್ಮದೊಂದೇ ಅಲ್ಲ ಅಂತ ನಗು ಬಂತು.

ಆದರೆ ಇವತ್ತು ನಾನು ಹೇಳಬೇಕಾಗಿರೋದು ಆ ಹಸುವಿನ ಹಾಲಿನ ಕತೆಯಲ್ಲ, ಸಗಣಿಯ ಕತೆ. ನಿಜವಾಗಿ ಹೇಳ್ತಿದ್ದೀನಿ, ತಮಾಷೆ ಅಲ್ಲ.

ಮಾರನೇ ದಿನ ಬಾಡಿಗೆ ಸೈಕಲ್ ತಗೊಂಡು ಊರಿಂದ ಉತ್ತರಕ್ಕೆ ಹೊರಟೆ. ಸುಮಾರು 20 ಕಿಲೋಮೀಟರ್ ದಾರಿ, ಹೆಗೆಬೈಂಟಮ್ ಅನ್ನೋ ಹಳ್ಳಿಗೆ. ಆ ಕಡೆ ನೆಲ ಎಷ್ಟು ಸಮತಟ್ಟು ಅಂದ್ರೆ, ರೊಟ್ಟಿ ತಟ್ಟಿ ಇಟ್ಟ ಹಾಗೆ. ಹುಲ್ಲು, ಕಾಲುವೆ, ಹಸು, ಮತ್ತೆ ಹುಲ್ಲು. ಎದುರುಗಾಳಿ ಒಂದನ್ನ ಬಿಟ್ಟರೆ ಏರು ಅನ್ನೋದೇ ಇಲ್ಲ. ಅಂಥ ನೆಲದಲ್ಲಿ ದೂರದಿಂದಲೇ ಒಂದು ದಿಬ್ಬ ಕಾಣುತ್ತೆ, ಅದರ ನೆತ್ತಿ ಮೇಲೆ ಹಳೇ ಇಟ್ಟಿಗೆಯ ಚರ್ಚು. ದಿಬ್ಬದ ಎತ್ತರ ಸಮುದ್ರಮಟ್ಟದಿಂದ ಸುಮಾರು 8.8 ಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಮಹಡಿ ಮನೆಯಷ್ಟೂ ಇಲ್ಲ. ಚಾಮುಂಡಿ ಬೆಟ್ಟ ನೋಡಿದೋರಿಗೆ ಇದು ಗುಡ್ಡವಾ ಅನ್ನಿಸಬಹುದು. ಆದರೆ ಫ್ರೀಸ್‌ಲ್ಯಾಂಡಿನ ಇಂಥ ದಿಬ್ಬಗಳಲ್ಲೆಲ್ಲ ಇದೇ ಅತಿ ಎತ್ತರದ್ದು. ಮತ್ತೆ ಇದನ್ನ ಪ್ರಕೃತಿ ಮಾಡಿದ್ದಲ್ಲ. ಮನುಷ್ಯರು ಮಾಡಿದ್ದು.

ಇದಕ್ಕೆ ಅವರು ‘ಟೆರ್ಪ್’ ಅಂತಾರೆ. ಹಳೇ ಫ್ರೀಸಿಯನ್‌ನಲ್ಲಿ ಆ ಪದಕ್ಕೆ ಹಳ್ಳಿ ಅಂತಲೇ ಅರ್ಥ. ಊರು ಅಂದ್ರೆ ದಿಬ್ಬ, ದಿಬ್ಬ ಅಂದ್ರೆ ಊರು. ಯಾಕೆ ಅಂತ ಹೇಳ್ತೀನಿ.

ಕ್ರಿಸ್ತಪೂರ್ವ 600ರ ಹೊತ್ತಿಗೆ ಈ ಕರಾವಳಿಯ ಜವುಗು ನೆಲಕ್ಕೆ ಜನ ಬಂದು ನೆಲೆಸಿದರು. ಹುಲ್ಲು ಧಾರಾಳ, ದನ-ಕುರಿಗೆ ಹೇಳಿ ಮಾಡಿಸಿದ ಜಾಗ. ಒಂದೇ ತೊಂದರೆ, ಸಮುದ್ರ. ಆಗ ತಡೆಗೋಡೆ ಅನ್ನೋದೇ ಇರಲಿಲ್ಲ. ದೊಡ್ಡ ಉಬ್ಬರ ಬಂದರೆ, ಬಿರುಗಾಳಿ ಎದ್ದರೆ, ಉಪ್ಪುನೀರು ಹೊಲ ದಾಟಿ ಮನೆ ಬಾಗಿಲಿಗೆ. ಜನ ಏನು ಮಾಡಿದರು? ಮನೆ ಕಟ್ಟೋ ಜಾಗವನ್ನ ಮೊದಲು ಎತ್ತರ ಮಾಡಿದರು. ಹುಲ್ಲಿನ ಬೇರು ಸಮೇತ ಕತ್ತರಿಸಿದ ಜೇಡಿಮಣ್ಣಿನ ಹೆಂಟೆ ಹಾಕಿದರು. ಕೊಟ್ಟಿಗೆಯ ಸಗಣಿ ಹಾಕಿದರು. ಮನೆಯ ಕಸ, ಮೂಳೆ, ಒಡೆದ ಮಡಕೆ, ಬೂದಿ, ಎಲ್ಲ ಅದೇ ಗುಡ್ಡೆಗೆ. ಮನೆ ಹಳೇದಾದರೆ ಕೆಡವಿ, ಮೇಲೆ ಮತ್ತೊಂದು ಪದರ ಹಾಕಿ, ಹೊಸ ಮನೆ. ಪಕ್ಕಪಕ್ಕದ ಮನೆದಿಬ್ಬಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡು ಊರುದಿಬ್ಬ ಆಯ್ತು. ಕ್ರಿ.ಶ. 1000ದ ನಂತರ ಸಮುದ್ರಕ್ಕೆ ಉದ್ದುದ್ದ ಒಡ್ಡು ಕಟ್ಟೋವರೆಗೂ ಈ ಕೆಲಸ ನಡೀತು. ಅಂದ್ರೆ ಸುಮಾರು ಒಂದೂವರೆ ಸಾವಿರ ವರ್ಷ.

ನಮ್ಮ ಭಾಷೆಯಲ್ಲಿ ಸೀದಾ ಹೇಳಬೇಕು ಅಂದ್ರೆ, ಅದು ತಿಪ್ಪೆ. ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತೆ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಇಲ್ಲಿ ಅದು ಅಕ್ಷರಶಃ ಆಗಿದೆ.

ರೋಮನ್ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲಿ ಈ ಕರಾವಳಿ ನೋಡಿದ್ದ. ಫ್ರೀಸಿಯನ್ನರ ನೆರೆಯ ಜನರ ದಿಬ್ಬಗಳ ಬಗ್ಗೆ ಬರೀತಾನೆ. ಉಬ್ಬರ ಬಂದಾಗ ಇವರು ಹಡಗಿನಲ್ಲಿರೋರ ಹಾಗೆ, ಇಳಿದಾಗ ಹಡಗು ಒಡೆದು ದಡಕ್ಕೆ ಬಿದ್ದೋರ ಹಾಗೆ ಕಾಣ್ತಾರೆ ಅನ್ನೋ ಅರ್ಥದಲ್ಲಿ. ಕೆಸರನ್ನ ಕೈಯಲ್ಲಿ ಎತ್ತಿ ಗಾಳಿಗೆ ಒಣಗಿಸಿ ಅದನ್ನೇ ಉರಿಸ್ತಾರೆ, ಪಾಪ ಅಂತ ಮರುಕ ಪಡ್ತಾನೆ. ಅಯ್ಯೋ ಪಾಪ ಅನ್ನೋದು ಪ್ರವಾಸಿಗರ ಹಳೇ ಚಟ. ಆ ದಿಬ್ಬಗಳನ್ನ ಅಗೆದಾಗ ಸಿಕ್ಕಿದ್ದು ದನದ ಮೂಳೆ, ಕುರಿಯ ಮೂಳೆ, ಉಣ್ಣೆ, ದೂರದ ಊರುಗಳಿಂದ ಬಂದ ಸಾಮಾನು. ದನಕರು ಸಾಕಿ, ವ್ಯಾಪಾರ ಮಾಡಿ ಬದುಕಿದ ಜನ ಅವರು.

ಈಗ ನಾನು ಚರ್ಚಿನ ಅಂಗಳಕ್ಕೆ ಹತ್ತಿದೆ. ಆಗ ಒಂದು ವಿಚಿತ್ರ ಕಾಣಿಸ್ತು. ಸಾವಿರಾರು ವರ್ಷ ಪದರ ಪದರವಾಗಿ ಬೆಳೆದ ದಿಬ್ಬ ನಿಧಾನಕ್ಕೆ ಇಳಿಜಾರಾಗಬೇಕು ಅಲ್ವಾ? ಇಲ್ಲಿ ಹಾಗಿಲ್ಲ. ಚರ್ಚು, ಅದರ ಸುತ್ತ ಸಮಾಧಿಗಳು, ಆಮೇಲೆ ಸಡನ್ನಾಗಿ ಇಳಿಜಾರು ಕಡಿದಾಗಿ ಕೆಳಗೆ. ಯಾರೋ ಕೇಕಿನ ಸುತ್ತ ಚಾಕು ಹಾಕಿ, ನಡುವಿನ ತುಂಡು ಮಾತ್ರ ಬಿಟ್ಟ ಹಾಗೆ.

ಹಾಗೇ ಆಗಿತ್ತು. ಉಳಿದ ಕೇಕನ್ನ ಮಾರಿದ್ದರು.

ನಾನು ಬಿ.ಕಾಂ ಓದಿದವಳು, ಇತಿಹಾಸದ ಡಿಗ್ರಿ ನನ್ನ ಹತ್ರ ಇಲ್ಲ. ಅದಕ್ಕೇ ಏನೋ, ಕತೆಯ ಈ ಭಾಗ ನನಗೆ ಪೂರ್ತಿ ಅರ್ಥ ಆಯ್ತು. 19ನೇ ಶತಮಾನದ ನಡುವೆ, 1840ರ ಹೊತ್ತಿಗೆ, ಫ್ರೀಸ್‌ಲ್ಯಾಂಡಿನ ರೈತರಿಗೆ ಒಂದು ವಿಷಯ ಖಾತ್ರಿ ಆಯ್ತು. ಟೆರ್ಪ್ ಮಣ್ಣು ಅಂದ್ರೆ ಸಗಣಿ, ಮೂಳೆ, ಬೂದಿ ಸೇರಿ ಶತಮಾನಗಟ್ಟಲೆ ಕಳಿತ ಗೊಬ್ಬರ. ಸುಣ್ಣ, ರಂಜಕ ಎಲ್ಲ ಇದೆ. ಒಳನಾಡಿನಲ್ಲಿ ಮರಳು ನೆಲದ, ಪೀಟ್ ನೆಲದ ರೈತರು ಬೆಳೆ ಬರದೆ ಒದ್ದಾಡ್ತಿದ್ದರು. ಒಂದು ಕಡೆ ಸರಕು, ಇನ್ನೊಂದು ಕಡೆ ಬೇಡಿಕೆ. ನಡುವೆ ಕಾಲುವೆಗಳು ಮೊದಲೇ ಇವೆ. ಇನ್ನೇನು ಬೇಕು?

ದಿಬ್ಬದ ಮೇಲೆ ಜಾಗ ಇದ್ದೋರು ಮಣ್ಣು ಮಾರೋಕೆ ಶುರು ಮಾಡಿದರು. ಕೂಲಿಯಾಳುಗಳು ಸನಿಕೆಯಲ್ಲಿ ಕಡಿದು ತಳ್ಳುಗಾಡಿಗೆ ತುಂಬೋರು. ಗಾಡಿಯಿಂದ ದೋಣಿಗೆ, ದೋಣಿಯಿಂದ ದೂರದ ಹೊಲಕ್ಕೆ. ಹಾಯಿ ಕಟ್ಟಿದ ಚಪ್ಪಟೆ ತಳದ ‘ಸ್ಕೂಟ್ಶೆ’ ಅನ್ನೋ ದೋಣಿಗಳು ಪೀಟ್, ಗೊಬ್ಬರ, ಟೆರ್ಪ್ ಮಣ್ಣು ತುಂಬಿಕೊಂಡು ಇಡೀ ಪ್ರಾಂತ್ಯ ಸುತ್ತುತ್ತಿದ್ದವು. ಕಾರ್ಖಾನೆಯ ರಾಸಾಯನಿಕ ಗೊಬ್ಬರ ಬಂದು ಈ ವ್ಯಾಪಾರ ಪೂರ್ತಿ ನಿಂತಿದ್ದು 1940ರ ದಶಕದಲ್ಲಿ. ಅಂದ್ರೆ ಸುಮಾರು ನೂರು ವರ್ಷ ನಡೀತು. ನೂರಾರು ಟೆರ್ಪ್‌ಗಳಲ್ಲಿ ಬಹಳಷ್ಟನ್ನ ಅರ್ಧವೋ, ಮುಕ್ಕಾಲೋ, ಪೂರ್ತಿಯೋ ಕಡಿದು ಹಾಕಿದರು. ಚರ್ಚು, ಸ್ಮಶಾನ ಮುಟ್ಟೋ ಹಾಗಿರಲಿಲ್ಲ, ಅದಕ್ಕೆ ನೆತ್ತಿ ಉಳೀತು. ನಾನು ನಿಂತಿದ್ದ ಜಾಗ ಅದು.

ಇಲ್ಲಿ ಆ ರೈತರನ್ನ ಬೈಯೋಕೆ ಸುಲಭ. ನಾನು ಬೈಯಲ್ಲ. ಆ ಮಣ್ಣು ಬಿದ್ದ ಬಡ ಹೊಲದಲ್ಲಿ ಬೆಳೆ ಬಂತು, ಆ ಬೆಳೆಯಲ್ಲಿ ಮಕ್ಕಳು ಉಂಡರು. ಕೂಲಿಯಾಳಿಗೆ ಕೂಲಿ ಸಿಕ್ತು, ದೋಣಿಯವನಿಗೆ ಬಾಡಿಗೆ ಸಿಕ್ತು. ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲರ ಸಾಲಿನಲ್ಲೂ ಲಾಭವೇ ಇದೆ. ಹಾಗಾದರೆ ನಷ್ಟ ಯಾವ ಸಾಲಿನಲ್ಲಿ ಬರೀಬೇಕು?

ಅದಕ್ಕೆ ಆ ಮಣ್ಣಿನೊಳಗೆ ಏನಿತ್ತು ಅಂತ ನೋಡಬೇಕು. ಒದ್ದೆ ಜೇಡಿಮಣ್ಣು, ಒತ್ತಿ ಕೂತ ಸಗಣಿ. ಒಳಗೆ ಗಾಳಿ ಹೋಗಲ್ಲ. ಗಾಳಿ ಇಲ್ಲದ ಕಡೆ ಮರ ಕೊಳೆಯೋದು, ಚರ್ಮ, ಉಣ್ಣೆ ಹಾಳಾಗೋದು ತುಂಬ ನಿಧಾನ. ಬೇರೆ ಕಡೆ ಸಾವಿರ ವರ್ಷಕ್ಕೆ ಮಡಕೆ ಚೂರು, ಲೋಹ ಮಾತ್ರ ಉಳಿಯುತ್ತೆ. ಇಲ್ಲಿ ಕಟ್ಟಿಗೆಯ ಸಾಮಾನೂ ಉಳಿದಿತ್ತು. 1895ರಲ್ಲಿ ಆರಮ್ ಅನ್ನೋ ಊರಿನ ಟೆರ್ಪ್‌ನಲ್ಲಿ ಮರದ ಪುಟ್ಟ ಕತ್ತಿ ಸಿಕ್ತು, ಮೇಲೆ ರೂನ್ ಲಿಪಿಯ ಅಕ್ಷರ ಕೆತ್ತಿದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಇನ್ನೊಂದು. ಫ್ರಾನೇಕರ್ ಊರಿನ ಹತ್ತಿರ ತೋಲ್ಸಮ್ ಅಂತ ಒಂದು ಟೆರ್ಪ್. 1914ರಲ್ಲಿ ಅಲ್ಲಿ ಒಂದು ಮರದ ಹಲಗೆ ಸಿಕ್ತು. ರೋಮನ್ನರು ಇಂಥ ಹಲಗೆಗೆ ಮೇಣ ಬಳಿದು ಅದರ ಮೇಲೆ ಗೀಚಿ ಬರೀತಿದ್ದರು. ಮೇಣ ಹೋಗಿತ್ತು. ಮೊನೆ ಒತ್ತಿದ ಗೀರು ಮಾತ್ರ ಮರದಲ್ಲಿ ಉಳಿದಿತ್ತು.

1917ರಲ್ಲಿ ಒಬ್ಬ ಪಂಡಿತ ಅದನ್ನ ಓದಿ, ಇದು ಎತ್ತಿನ ಮಾರಾಟದ ಕರಾರು ಅಂದ. ಊರಿಗೆಲ್ಲ ಖುಷಿ. ಹಸುಗಳ ನಾಡಲ್ಲವಾ! ಸುಮಾರು 90 ವರ್ಷ ಎಲ್ಲರೂ ಹಾಗೇ ನಂಬಿದ್ದರು. 2009ರಲ್ಲಿ ಆಕ್ಸ್‌ಫರ್ಡ್‌ನ ಪರಿಣತರೂ ಇದ್ದ ತಂಡವೊಂದು ಹೊಸ ಫೋಟೋ ತಂತ್ರ ಬಳಸಿ ಮತ್ತೆ ಓದಿತು. ಎತ್ತು ಮಾಯ! ಅದು ಸಾಲಪತ್ರ. ಕ್ರಿ.ಶ. 29ನೇ ಇಸವಿಯದು. ಇಷ್ಟು ಹಣ ಕೊಡಬೇಕಾಗಿದೆ ಅಂತ ಒಪ್ಪಿ ಬರೆದುಕೊಟ್ಟ ಕಾಗದ, ಸಾಕ್ಷಿಗಳ ಹೆಸರು ಸಮೇತ. ನಾವು ಡಿಗ್ರಿಯಲ್ಲಿ ಪ್ರಾಮಿಸರಿ ನೋಟ್ ಅಂತ ಓದಿದೆವಲ್ಲ, ಅದರ ಮುತ್ತಜ್ಜ.

ಆ ಇಸವಿ ಯಾಕೆ ಮುಖ್ಯ ಅಂತ ಕೇಳಿ. ಅದರ ಹಿಂದಿನ ವರ್ಷ, ಕ್ರಿ.ಶ. 28ರಲ್ಲಿ, ಫ್ರೀಸಿಯನ್ನರು ರೋಮ್ ವಿರುದ್ಧ ದಂಗೆ ಎದ್ದಿದ್ದರು. ಕಾರಣ ತೆರಿಗೆ. ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಇವರು ಬಡವರು ಅಂತ ರೋಮ್ ಮೊದಲು ಸೈನ್ಯಕ್ಕೆ ಬೇಕಾದ ಎತ್ತಿನ ಚರ್ಮ ಮಾತ್ರ ಕೊಡಿ ಅಂದಿತ್ತು. ಎಷ್ಟು ದೊಡ್ಡ ಚರ್ಮ ಅಂತ ಯಾರೂ ಅಳತೆ ಹಾಕಿರಲಿಲ್ಲ. ಆಮೇಲೆ ಬಂದ ಒಲೆನಿಯಸ್ ಅನ್ನೋ ಅಧಿಕಾರಿ, ಕಾಡುಕೋಣದಂಥ ದೈತ್ಯ ಪ್ರಾಣಿಯ ಚರ್ಮದ ಅಳತೆಯೇ ಬೇಕು ಅಂದ. ಇವರ ದನ ಸಣ್ಣವು. ಮೊದಲು ದನ ಹೋದವು, ಆಮೇಲೆ ಹೊಲ, ಆಮೇಲೆ ಹೆಂಡತಿ-ಮಕ್ಕಳೇ ಜೀತಕ್ಕೆ. ಕೊನೆಗೆ ಜನ ತೆರಿಗೆ ವಸೂಲಿಗೆ ಬಂದ ಸಿಪಾಯಿಗಳನ್ನ ಗಲ್ಲಿಗೆ ಹಾಕಿದರು, ಒಲೆನಿಯಸ್ ಕೋಟೆಗೆ ಓಡಿಹೋದ.

ಇದು ರೋಮನ್ನರ ಪುಸ್ತಕದಲ್ಲಿರೋ ಮಾತು. ಫ್ರೀಸಿಯನ್ನರು ಬರೆದಿಟ್ಟ ಅವರ ಕಡೆಯ ಇತಿಹಾಸ ಆ ಕಾಲದ್ದು ಇಲ್ಲ. ಅವರ ಪುಸ್ತಕ ಅಂದ್ರೆ ಆ ದಿಬ್ಬವೇ. ಯಾವ ಪದರದಲ್ಲಿ ಎಷ್ಟು ದೊಡ್ಡ ದನದ ಮೂಳೆ, ಯಾವ ಮನೆ ಸುಟ್ಟಿತ್ತು, ಯಾವ ಕಾಲದಲ್ಲಿ ಊರು ಖಾಲಿಯಾಯ್ತು, ಎಲ್ಲ ಅಲ್ಲಿ ಸಾಲಾಗಿ ಜಮಾ ಆಗಿತ್ತು. ಪದರದ ಮೇಲೆ ಪದರ, ತಾರೀಖಿನ ಕ್ರಮದಲ್ಲಿ. ನಮ್ಮ ಭಾಷೆಯಲ್ಲಿ ಅದು ಕಿರ್ದಿ ಪುಸ್ತಕ.

ಆ ಕಿರ್ದಿ ಪುಸ್ತಕ ದೋಣಿ ಲೆಕ್ಕದಲ್ಲಿ ಹೋಯ್ತು.

ಎಲ್ಲವೂ ಹೋಗಲಿಲ್ಲ, ಅದನ್ನೂ ಹೇಳಬೇಕು. 1827ರಲ್ಲೇ ಶುರುವಾಗಿದ್ದ ಫ್ರೀಸಿಯನ್ ಸಂಘವೊಂದು, ಮಣ್ಣು ಕಡಿಯೋರಿಗೆ ಸಿಕ್ಕ ವಸ್ತುಗಳನ್ನ ಸಂಗ್ರಹ ಮಾಡ್ತಾ ಬಂತು. ಇವತ್ತು ಲೇವಾರ್ಡನ್‌ನ ಫ್ರೀಸ್ ಮ್ಯೂಸಿಯಂನ ಸಂಗ್ರಹ ಬೆಳೆದಿದ್ದು ಹಾಗೆ. ಪೀಟರ್ ಬೂಲೆಸ್ ಅನ್ನೋ ಮ್ಯೂಸಿಯಂ ಅಧಿಕಾರಿ ಅಗೆತದ ಹಿಂದೆಯೇ ಓಡಾಡಿ ದಾಖಲೆ ಮಾಡಿದ. ಹೆಗೆಬೈಂಟಮ್‌ನಲ್ಲೂ ಮಣ್ಣು ತೆಗೆಯುವಾಗ ಹಳೇ ಕಾಲದ ಸಮಾಧಿಗಳು ಸಿಕ್ಕವು. ಆದರೆ ಒಂದು ಬಾಚಣಿಗೆ ಗಾಜಿನ ಪೆಟ್ಟಿಗೆಯಲ್ಲಿ ಇರೋದು ಬೇರೆ, ಅದು ಯಾವ ಮನೆಯಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅಂತ ಗೊತ್ತಿರೋದು ಬೇರೆ. ಪುಸ್ತಕದಿಂದ ಹರಿದು ಬಿದ್ದ ಹಾಳೆ ಸಿಕ್ಕ ಹಾಗೆ. ಅಕ್ಷರ ಓದಬಹುದು, ಪುಟ ಸಂಖ್ಯೆ ಇಲ್ಲ.

ಮೂರನೇ ದಿನ ಫ್ರಾನೇಕರ್‌ಗೆ ಹೋದೆ. ತೋಲ್ಸಮ್ ಹಲಗೆ ಸಿಕ್ಕಿದ್ದು ಈ ಊರಿನ ಪಕ್ಕ ಅಂದೆನಲ್ಲ. ಅಲ್ಲಿ ಕಾಲುವೆ ಎದುರಿಗೆ ಒಂದು ಸಾಧಾರಣ ಮನೆ. 1774ರಲ್ಲಿ ಕೆಲವು ಗ್ರಹಗಳು ಆಕಾಶದಲ್ಲಿ ಹತ್ತಿರ ಬಂದವು, ಪ್ರಳಯವೇ ಆಗುತ್ತೆ ಅಂತ ಫ್ರೀಸ್‌ಲ್ಯಾಂಡಿನಲ್ಲಿ ಗುಲ್ಲೆದ್ದಿತ್ತು. ಆ ಮನೆಯಲ್ಲಿದ್ದ ಐಸೆ ಐಸಿಂಗಾ ಉಣ್ಣೆ ಬಾಚೋ ಕಸುಬಿನವನು. ಹೆದರೋದು ಬೇಡ, ಗ್ರಹಗಳು ಹೇಗೆ ತಿರುಗ್ತವೆ ನಾನೇ ತೋರಿಸ್ತೀನಿ ಅಂತ, 1781ರ ಹೊತ್ತಿಗೆ ತನ್ನ ಮನೆಯ ಕೋಣೆಯ ಚಾವಣಿಯಲ್ಲೇ ಸೌರಮಂಡಲ ಮಾಡಿದ. ಮೇಲೆ ಮರದ ಗಾಲಿ, ಕೈಯಲ್ಲಿ ಬಡಿದ ಮೊಳೆಗಳೇ ಹಲ್ಲು, ಓಡಿಸೋಕೆ ಗಡಿಯಾರದ ಲೋಲಕ. ಗ್ರಹಗಳು ನಿಜವಾದ ವೇಗದಲ್ಲೇ ಚಲಿಸ್ತವೆ. ಆ ಚಾವಣಿಯ ಶನಿ ಒಂದು ಸುತ್ತು ಮುಗಿಸೋಕೆ 29 ವರ್ಷಕ್ಕೂ ಜಾಸ್ತಿ ಬೇಕು. ನನ್ನ ವಯಸ್ಸಿಗೆ ಇನ್ನೂ ಒಂದು ಸುತ್ತು ಆಗಿಲ್ಲ. ಇವತ್ತಿಗೂ ಓಡ್ತಾ ಇದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

ಈ ಮನೆಯನ್ನೂ ಮಾರಿದ್ದರು, ಗೊತ್ತಾ? 1825ರಲ್ಲಿ ರಾಜ ಒಂದನೇ ವಿಲಿಯಂ 10,000 ಗಿಲ್ಡರ್ ಕೊಟ್ಟು ಇದನ್ನ ಸರ್ಕಾರಕ್ಕೆ ಕೊಂಡುಕೊಂಡ. ಆಮೇಲೆ ಅದು ಊರಿನ ಪಾಲಾಯ್ತು. ಒಂದೇ ಪ್ರಾಂತ್ಯ, ಹೆಚ್ಚುಕಮ್ಮಿ ಒಂದೇ ಕಾಲಘಟ್ಟ, ಎರಡು ಮಾರಾಟ. ಒಂದನ್ನ ಕೊಂಡವರು ಹಾಗೇ ಉಳಿಸಿಕೊಂಡರು, ಇನ್ನೊಂದನ್ನ ಕೊಂಡವರು ಹೊಲಕ್ಕೆ ಚೆಲ್ಲಿದರು. ಗ್ರಹಗಳ ಚಾವಣಿ ಬೆರಗು ಹುಟ್ಟಿಸೋ ವಸ್ತು, ಅದರ ಬೆಲೆ ಕಣ್ಣಿಗೆ ಕಾಣುತ್ತೆ. ತಿಪ್ಪೆಯದು ಕಾಣಲ್ಲ. ಅದರ ಬೆಲೆ ಕಾಣೋಕೆ ಓದಲು ಬರೋರು ಬೇಕು, ಅವರು ಬರೋ ಹೊತ್ತಿಗೆ ಮಣ್ಣು ಹೋಗಿರುತ್ತೆ.

ಮತ್ತೊಂದು ತಮಾಷೆ ಕೇಳಿ. ಆ ಮಣ್ಣು ಹೊತ್ತ ಸ್ಕೂಟ್ಶೆ ದೋಣಿಗಳು ಇವೆಯಲ್ಲ, ಲಾರಿ ಬಂದ ಮೇಲೆ ಅವಕ್ಕೂ ಕೆಲಸ ಹೋಯ್ತು. ಈಗ ಪ್ರತಿ ಬೇಸಿಗೆ ಅವುಗಳ ರೇಸ್ ನಡೆಯುತ್ತೆ. ಊರೂರಿನ ಹೆಸರಲ್ಲಿ 14 ದೋಣಿ, ಸಾವಿರಾರು ಜನ ಪ್ರೇಕ್ಷಕರು. ಪರಂಪರೆಯನ್ನ ಹೊತ್ತು ಮಾರಿದ ದೋಣಿಯೇ ಇವತ್ತು ಪರಂಪರೆ.

ಸರಿ, ಇದನ್ನೆಲ್ಲ ನಿಮಗೆ ಯಾಕೆ ಹೇಳಿದೆ? ಇಲ್ಲಿವರೆಗೆ ಹೇಳದೇ ಇದ್ದ ಒಂದು ವಿಷಯ ಇದೆ.

ಹಾವೇರಿ ಕಡೆಯ ನಮ್ಮೂರಲ್ಲಿ ಅಜ್ಜನದು ಕಿರಾಣಿ ಅಂಗಡಿ ಇತ್ತು. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದೆವು. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳು ನಾನು, ಖಾಲಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಅಟ್ಟದ ಮೇಲೆ ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಕಿರ್ದಿ ಪುಸ್ತಕಗಳ ರಾಶಿ. ಧೂಳು, ಇಲಿ ಕಡಿದ ಅಂಚು. ರದ್ದಿಯವನು ಬಂದ, ಕೆಜಿಗೆ ಹತ್ತು ರೂಪಾಯಿ ಅಂದ. ತೂಕ ಹಾಕಿದ, 41 ಕೆಜಿ. 410 ರೂಪಾಯಿ ತಗೊಂಡೆ. ನಾಲ್ಕು ವರ್ಷ ಅಕೌಂಟ್ಸ್ ಓದಿದವಳು, ಒಂದು ಪುಸ್ತಕ ಬಿಡಿಸಿ ನೋಡಲಿಲ್ಲ.

ಒಂದು ವರ್ಷ ಆದ ಮೇಲೆ 1972ರ ಬರಗಾಲದ ಬಗ್ಗೆ ಎಪಿಸೋಡ್ ಮಾಡೋಣ ಅಂತ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಹೇಳಿದರು, ಆ ವರ್ಷ ಅರ್ಧ ಊರು ಉಂಡಿದ್ದು ನಿಮ್ಮಜ್ಜನ ಅಂಗಡಿಯ ಉದ್ದರಿಯಲ್ಲಿ. ಯಾರ ಮನೆಗೆ ಎಷ್ಟು ಸೇರು ಜೋಳ ಹೋಯ್ತು, ಯಾರು ತೀರಿಸಿದರು, ಯಾರದನ್ನ ಅಪ್ಪ ಹೊಡೆದುಹಾಕಿದ, ಎಲ್ಲ ಕಿರ್ದಿಯಲ್ಲಿ ಬರೆದಿದ್ದಾನೆ ನೋಡು, ಅಟ್ಟದ ಮೇಲೆ ಇರಬೇಕು.

ನನಗೆ ಮಾತು ಬರಲಿಲ್ಲ. ಆ ಎಪಿಸೋಡ್ ನಾನು ಮಾಡಲೇ ಇಲ್ಲ.

ಹೆಗೆಬೈಂಟಮ್ ನೆತ್ತಿಯ ಮೇಲೆ, ಆ ಕಡಿದ ಅಂಚಿನ ಹತ್ತಿರ ನಿಂತಾಗ ನೆನಪಾಗಿದ್ದು ಅದೇ. ಆ ರೈತರನ್ನ ನಾನು ಬೈಯಲ್ಲ ಅಂತ ಹೇಳಿದ್ದಕ್ಕೆ ಕಾರಣವೂ ಅದೇ. ಅವರಿಗಾದರೂ ಒಂದು ಬೆಳೆ ಬಂತು. ವ್ಯಾಪಾರದಲ್ಲಿ ಕಳಕೊಂಡರೆ ಲೆಕ್ಕದ ಪುಸ್ತಕದಲ್ಲಿ ನಷ್ಟ ಅಂತ ಬರೆದುಕೊಳ್ತೀವಿ. ಲೆಕ್ಕದ ಪುಸ್ತಕವನ್ನೇ ಮಾರಿದರೆ ಆ ನಷ್ಟ ಬರೆಯೋದು ಎಲ್ಲಿ?

ಫ್ರೀಸ್‌ಲ್ಯಾಂಡಿಗೆ ಹೋಗೋ ಅವಕಾಶ ನಿಮಗೆ ಸಿಕ್ಕರೆ ಹೋಗಿ. ದಿಬ್ಬದ ಕೆಳಗೆ ಪುಟ್ಟ ಸಂದರ್ಶಕರ ಕೇಂದ್ರ ಇದೆ. ಮೇಲೆ ಹತ್ತಿ, ಚರ್ಚಿನ ಫೋಟೋ ತೆಗೆದಾದ ಮೇಲೆ ಒಂದು ನಿಮಿಷ ಅಂಚಿಗೆ ಬಂದು ಕೆಳಗೆ ನೋಡಿ. ಕಾಣೋ ಖಾಲಿ ಜಾಗವೂ ನೋಡಬೇಕಾದ್ದೇ.

ಹೋಗೋಕೆ ಆಗದಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಈ ಭಾನುವಾರ ಮನೆಯ ಅಟ್ಟ ನೋಡಿ. ಕಿರ್ದಿ ಪುಸ್ತಕ, ಹಳೇ ರಸೀದಿ, ಹಾಲಿನ ಲೆಕ್ಕ, ಮದುವೆಯ ಮುಯ್ಯಿ ಪಟ್ಟಿ, ಏನೇ ಇರಲಿ. ಜಾಗ ಇಲ್ಲ, ಕೊಡಲೇಬೇಕು ಅಂದ್ರೆ ಕೊಡಿ, ಬೇಡ ಅನ್ನಲ್ಲ. ಕೊಡೋ ಮುಂಚೆ ಆ ಫೋನಿನಲ್ಲೇ ಪುಟ ಪುಟ ಫೋಟೋ ತೆಗೀರಿ, ಪುಟಗಳ ಕ್ರಮ ತಪ್ಪದ ಹಾಗೆ. ಮನೆಯಲ್ಲಿ ದೊಡ್ಡೋರು ಇದ್ದರೆ ಪಕ್ಕ ಕೂರಿಸಿಕೊಂಡು ಇದು ಯಾರ ಹೆಸರು ಅಂತ ಕೇಳಿ, ರೆಕಾರ್ಡ್ ಆನ್ ಮಾಡಿಕೊಳ್ಳಿ.

ನಾನು ಅತ್ತೆಯ ಹತ್ತಿರ ಈಗ ಅದನ್ನೇ ಮಾಡ್ತಿದ್ದೀನಿ. ಅವರಿಗೆ ನೆನಪಿರೋ ಉದ್ದರಿ ಹೆಸರುಗಳು ಇದುವರೆಗೆ ಹನ್ನೊಂದು.